ತಂಗಿಗಿಲ್ಲದ ಗುಳಿಗೆ

ಅಕ್ಕನಿಗೆ ಅಜ್ಜಿಯ ಹೆಸರು ಇಟ್ಟಿದ್ದರು, ಮರೆವ್ವ ಎಂದು. ತಂಗಿ ಹುಟ್ಟುವ ಹೊತ್ತಿಗೆ ಅವ್ವ ಯಾರ್ಯಾರನ್ನೋ ಕೇಳಿ ಚೆಂದದ ಹೆಸರು ಹುಡುಕಿದ್ದಳು: ಭಾಗ್ಯಶ್ರೀ. ಮರೆವ್ವನ ಹೊಟ್ಟೆಕಿಚ್ಚು ಅಲ್ಲಿಂದಲೇ ಶುರು.

ಯಾದಗಿರಿ ಕಡೆಯಿಂದ ಬಂದ ಇಬ್ಬರೂ ಮದುವೆಯಾಗಿ ಲಗ್ಗೆರೆಯ ಒಂದೇ ವಠಾರದಲ್ಲಿ ಎದುರುಬದುರು ಇದ್ದರು. ಪೀಣ್ಯದ ಒಂದೇ ಗಾರ್ಮೆಂಟ್ಸ್‌ನಲ್ಲಿ ಕೆಲಸ. ಅಲ್ಲೂ ತಂಗಿ ಮಷಿನ್ ಮುಂದೆ ಕೂತು ಹೊಲಿಯುವವಳು, ಅಕ್ಕ ನಿಂತು ಅಂಗಿಗಳ ದಾರ ಕತ್ತರಿಸುವವಳು.

ಭಾಗ್ಯಶ್ರೀ ಬಸುರಿಯಾದಾಗ ರಕ್ತಪರೀಕ್ಷೆಯಲ್ಲಿ ಹೆಪಟೈಟಿಸ್ ಬಿ ಕಾಣಿಸಿತು. ಮರೆವ್ವನನ್ನೂ ಪರೀಕ್ಷಿಸಿದರು. ಅದೇ ರೋಗ. ಹೊಟ್ಟೆಯಲ್ಲಿ ನೀರು ತುಂಬಿ ಸತ್ತ ಅವ್ವನಿಂದ, ಹುಟ್ಟುವಾಗಲೇ ಇಬ್ಬರಿಗೂ ಬಂದಿರಬೇಕು ಎಂದರು ಡಾಕ್ಟರಮ್ಮ. ತಂಗಿಯಲ್ಲಿ ವೈರಸ್ಸು ಸುಮ್ಮನೆ ಮಲಗಿತ್ತು. ಆರು ತಿಂಗಳಿಗೊಮ್ಮೆ ಪರೀಕ್ಷೆ ಸಾಕು, ಮಗುವಿಗೆ ಹುಟ್ಟಿದ ಕೂಡಲೇ ಚುಚ್ಚುಮದ್ದು. ಅಕ್ಕನಲ್ಲಿ ಅದು ಎದ್ದು ಲಿವರನ್ನು ಕೆಡಿಸತೊಡಗಿತ್ತು. ದಿನಾ ಒಂದು ಗುಳಿಗೆ.

"ಎಷ್ಟ್ ದಿನಾರೀ ಮೇಡಂ?"

"ದಿನ ಎಣಿಸ್ಬೇಡಿ. ನಾನು ಹೇಳೋವರೆಗೂ ನಿಲ್ಲಿಸೋ ಹಾಗಿಲ್ಲ."

ಬಾಣಂತನದಲ್ಲಿ ಮೈ ತುಂಬಿಕೊಂಡ ತಂಗಿ ಮಗುವನ್ನು ಎತ್ತಿಕೊಂಡು ಬಾಗಿಲಿಗೆ ಬಂದು, "ಅಕ್ಕಾ, ಗುಳಿಗಿ ನುಂಗಿದೇನು?" ಎನ್ನುತ್ತಿದ್ದಳು. ಕೇಳುತ್ತಿದ್ದದ್ದು ಅಕ್ಕರೆಯಿಂದಲೇ. ಮರೆವ್ವನ ಕಿವಿಗೆ ಮಾತ್ರ, "ನಾ ಗಟ್ಟಿ ಅದೀನಿ, ನೀ ರೋಗದಾಕಿ" ಎಂದಂತಾಗುತ್ತಿತ್ತು. ಒಂದೇ ಹೊಟ್ಟೆಯಲ್ಲಿ ಹುಟ್ಟಿ, ಒಂದೇ ರೋಗ ಹೊತ್ತು, ಇವಳಿಗೆ ಮಾತ್ರ ಏನೂ ಇಲ್ಲವೇ ಎಂದು ಎದೆ ಉರಿಯುತ್ತಿತ್ತು.

ಎರಡು ವರ್ಷ ನುಂಗಿದ ಮೇಲೆ ರಕ್ತದಲ್ಲಿ ವೈರಸ್ಸು ಕಾಣಿಸಲಿಲ್ಲ. "ಮಾತ್ರೆ ಚೆನ್ನಾಗಿ ಕೆಲಸ ಮಾಡ್ತಿದೆ, ಬಿಡಬೇಡಿ," ಎಂದರು ಡಾಕ್ಟರಮ್ಮ. ಮರೆವ್ವನ ತಲೆಯಲ್ಲಿ ಉಳಿದದ್ದು ಕಾಣಿಸಲಿಲ್ಲ ಎಂಬುದಷ್ಟೇ. ಹಾಗಾದರೆ ತಾನೂ ಈಗ ತಂಗಿಯ ಹಾಗೇ. ಶ್ರಾವಣದಲ್ಲಿ ಗುಳಿಗೆ ಬಿಟ್ಟಳು. ಗಂಡ ಸೋಮಪ್ಪನಿಗೆ ಹೇಳಲಿಲ್ಲ. ತಂಗಿ ಕೇಳಿದರೆ, "ಹೂಂ, ನುಂಗೀನಿ" ಎಂದಳು.

ಏನೂ ಆಗಲಿಲ್ಲ. ದಸರೆಗೆ ಹೊಸ ಸೀರೆ ಉಟ್ಟು ಕನ್ನಡಿ ನೋಡಿಕೊಂಡಾಗ ತಂಗಿಗಿಂತ ತಾನೇ ಲಕ್ಷಣವಾಗಿದ್ದೇನೆ ಅನಿಸಿತು. ಅಷ್ಟು ಖುಷಿಯಾಗಿ ಅವಳು ಹಿಂದೆಂದೂ ಇರಲಿಲ್ಲ.

ಸಂಕ್ರಾಂತಿ ಹೊತ್ತಿಗೆ ಕಾಲು ಸೋಲತೊಡಗಿದವು. ರೊಟ್ಟಿಯ ವಾಸನೆಗೇ ವಾಕರಿಕೆ. ಮೂತ್ರ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತು. ಫ್ಯಾಕ್ಟರಿ ಗೇಟಿನ ಬಿಸಿಲಲ್ಲಿ ಭಾಗ್ಯಶ್ರೀ ಅಕ್ಕನ ಗಲ್ಲ ಹಿಡಿದು ಕಣ್ಣು ನೋಡಿದಳು.

"ಕಣ್ಣು ಅರಿಶಿಣ ಆಗ್ಯಾವಲ್ಲ! ಖರೇ ಹೇಳು, ಗುಳಿಗಿ ಬಿಟ್ಟಿಯೇನು?"

"ನುಂಗದಾಕಿ ನೀ ನನಗ ಹೇಳಾಕ ಬರಬ್ಯಾಡ," ಎಂದು ಕೈ ಕೊಡವಿದ ಮರೆವ್ವ ಅಲ್ಲೇ ಕುಸಿದು ಕೂತಳು.

ಆಸ್ಪತ್ರೆ ಸೇರಿದ ಮರುದಿನ ಅವಳಿಗೆ ಎಲ್ಲಿದ್ದೇನೆ ಎಂಬುದೇ ತಿಳಿಯದಾಯಿತು. ಡಾಕ್ಟರಮ್ಮ ಸೋಮಪ್ಪನನ್ನೂ ಭಾಗ್ಯಶ್ರೀಯನ್ನೂ ಹೊರಗೆ ಕರೆದರು. "ಮಾತ್ರೆ ವೈರಸ್ಸನ್ನ ಅದುಮಿಟ್ಟಿತ್ತು, ಓಡಿಸಿರ್ಲಿಲ್ಲ. ಬಿಟ್ಟ ಮೇಲೆ ಒಂದೇ ಸಲಕ್ಕೆ ಎದ್ದಿದೆ. ಲಿವರ್ ಕೈಕೊಡೋ ಹಂತದಲ್ಲಿದೆ. ಮಾತ್ರೆ ಮತ್ತೆ ಶುರು ಮಾಡಿದ್ದೀವಿ. ಉಳೀತಾರೆ ಅಂತ ಈಗಲೇ ಹೇಳೋಕಾಗಲ್ಲ."

ಉಳಿದಳು. ವಾರಗಳು ಹಿಡಿದವು. ಮೊದಲ ಸಲ ಗಂಜಿ ಕುಡಿದ ದಿನ ಮರೆವ್ವ ತಾನಾಗಿಯೇ ಹೇಳಿದಳು, "ನಿನ್ನಂಗ ಇರಬೇಕು ಅನಿಸ್ತು. ಅದಕ್ಕ ಬಿಟ್ಟೆ."

"ನನ್ನಂಗ?" ಭಾಗ್ಯಶ್ರೀ ಚಮಚ ಕೆಳಗಿಟ್ಟಳು. "ಪ್ರತಿ ಸಲ ರಿಪೋರ್ಟ್ ಬರೋತನಕ ನನಗ ಕೂಳು ಇಳಿಯಂಗಿಲ್ಲ ಅಕ್ಕಾ. ನನ್ನೊಳಗಿಂದು ಯಾವಾಗ ಏಳ್ತದೋ ಯಾರಿಗ್ಗೊತ್ತು? ನಿನಗ ತಡೆಯಾಕ ಗುಳಿಗಿಯರ ಐತಿ ಅಂತ ಸಮಾಧಾನ ಇತ್ತು ನನಗ. ಅದನ್ನೂ ಚೆಲ್ಲಿ ಕುಂತಿ."

ಮರೆವ್ವ ಗೋಡೆಯ ಕಡೆ ಹೊರಳಿದಳು. ತಂಗಿಗೂ ಹೆದರಿಕೆಯಿದೆ ಎಂದು ಅವಳು ಯಾವತ್ತೂ ಯೋಚಿಸಿರಲಿಲ್ಲ.

ಲಿವರಿನಲ್ಲಿ ಗಾಯದ ಕಲೆ ಉಳಿಯಿತು. ಈಗ ಗುಳಿಗೆಯ ಜೊತೆಗೆ ಸ್ಕ್ಯಾನಿಂಗ್ ಕೂಡ. ನಿಂತು ಮಾಡುವ ಕೆಲಸ ಬಿಟ್ಟು, ಮನೆಯಲ್ಲೇ ಸೀರೆಗೆ ಕುಚ್ಚು ಕಟ್ಟುತ್ತಾಳೆ. ಬೆಳಿಗ್ಗೆ ಯಾರೂ ಕೇಳುವ ಮೊದಲೇ ಗುಳಿಗೆ ನುಂಗಿರುತ್ತಾಳೆ.

ಮೊನ್ನೆ ಇಬ್ಬರೂ ಒಟ್ಟಿಗೆ ಆಸ್ಪತ್ರೆಗೆ ಹೋಗಿದ್ದರು. ಭಾಗ್ಯಶ್ರೀಯ ವೈರಸ್ಸು ಇನ್ನೂ ಮಲಗೇ ಇತ್ತು. ಬರುವಾಗ ಬಸ್ಸಿನಲ್ಲಿ ಅವಳು ಅಕ್ಕನ ಹೆಗಲ ಮೇಲೆ ತಲೆಯಿಟ್ಟು ಗಾಢ ನಿದ್ದೆ ಹೋದಳು. ಆ ನಿದ್ದೆಯನ್ನು ಕಂಡೂ ಮರೆವ್ವನಿಗೆ ಹೊಟ್ಟೆ ಉರಿಯಿತು. ಆದರೂ ಲಗ್ಗೆರೆ ಬರುವವರೆಗೆ ಹೆಗಲು ಅಲುಗಿಸಲಿಲ್ಲ.