ಥರ್ಮಾಮೀಟರ್ ಕಾಣದ ಮಾಸ್ತರ

ನಮ್ಮ ಭಾಗ ಹೈದರಾಬಾದಿನಿಂದ ಕಳಚಿಕೊಂಡು ಮೈಸೂರಿಗೆ ಸೇರಿದ ಮರುವರ್ಷ ನಾನು ಶಹಾಪುರದ ಒಂದು ಶಾಲೆಯಲ್ಲಿ ವಿಜ್ಞಾನದ ಮಾಸ್ತರನಾಗಿದ್ದೆ. ಅದೂ ಹಂಗಾಮಿ. ನಾನು ಓದಿದ್ದೆಲ್ಲ ಉರ್ದುವಿನಲ್ಲಿ, ಇನ್ನು ಮುಂದೆ ಕಲಿಸಬೇಕಾದದ್ದು ಕನ್ನಡದಲ್ಲಿ. ಕನ್ನಡದ ಪರೀಕ್ಷೆ ಪಾಸಾದರೆ ನೌಕರಿ ಕಾಯಂ. ಇಲ್ಲದಿದ್ದರೆ ಯಾದಗಿರಿಗೆ ಹೋಗಿ ಅಪ್ಪನ ಜೊತೆ ಭೀಮಾ ನದಿಯಲ್ಲಿ ಬಲೆ ಬೀಸಬೇಕಿತ್ತು. ಬಲೆ ಬೀಸುವುದೂ ನನಗೆ ನೆಟ್ಟಗೆ ಬರುತ್ತಿರಲಿಲ್ಲ.

ವಿಜ್ಞಾನದ ಮಾಸ್ತರ ಎಂದೊಡನೆ ಏನೇನೋ ಕಲ್ಪಿಸಿಕೊಳ್ಳಬೇಡಿ. ಶಾಲೆಯ ಕಪಾಟಿನಲ್ಲಿ ಒಂದು ಅಯಸ್ಕಾಂತ ಮತ್ತು ಬಾಯಿ ಒಡೆದ ಒಂದು ಗಾಜಿನ ಸೀಸೆ ಇದ್ದವು. ಕಪಾಟಿನ ಕೀಲಿ ಹೆಡ್‌ಮಾಸ್ತರರ ಉಡಿದಾರದಲ್ಲಿ ಇರುತ್ತಿತ್ತು. ಉಳಿದ ಉಪಕರಣಗಳೆಲ್ಲ ನನಗೆ ಚಿತ್ರದಲ್ಲಷ್ಟೇ ಪರಿಚಯ. ಥರ್ಮಾಮೀಟರಿನ ಚಿತ್ರವನ್ನಂತೂ ಕಪ್ಪುಹಲಗೆಯ ಮೇಲೆ ಕಣ್ಣುಮುಚ್ಚಿ ಬರೆಯುತ್ತಿದ್ದೆ. ನಿಜವಾದದ್ದನ್ನು ಒಮ್ಮೆಯೂ ಕಂಡಿರಲಿಲ್ಲ.

ಆ ವರ್ಷವೇ ಅಕ್ಕ ಸುರಪುರದಿಂದ ನನ್ನ ಕೋಣೆಗೆ ಬಂದಳು. ಅವಳ ಗಂಡ ತೀರಿಕೊಂಡು ಎರಡು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಮೈದುನನ ಮನೆಯಲ್ಲಿ ಹನ್ನೊಂದು ಮಂದಿಗೆ ರೊಟ್ಟಿ ಬಡಿದು, ಎಲ್ಲರದೂ ಆದ ಮೇಲೆ ಉಳಿದದ್ದನ್ನು ತಿನ್ನುವುದು ಅವಳ ದಿನಚರಿ. ಕಲಬುರ್ಗಿಯಲ್ಲಿ ನರ್ಸಬಾಯಿ ಕೆಲಸ ಕಲಿಸುತ್ತಾರೆ, ಇರಲು ಜಾಗ ಕೊಡುತ್ತಾರೆ, ಆಮೇಲೆ ಸರ್ಕಾರಿ ನೌಕರಿ ಎಂದು ಯಾರೋ ಅವಳಿಗೆ ಹೇಳಿದ್ದರು. ಆದರೆ ಮೊದಲು ಯಾದಗಿರಿಯ ದವಾಖಾನೆಯಲ್ಲಿ ಪರೀಕ್ಷೆ. ಸಾಮಾನ್ಯ ವಿಜ್ಞಾನದ ಹತ್ತು ಪ್ರಶ್ನೆಗೆ ಉತ್ತರ ಬರೆಯಬೇಕು, ಆಮೇಲೆ ಕೈಕೆಲಸ ಮಾಡಿ ತೋರಿಸಬೇಕು. ಪಾಸಾದರೆ ಕಲಬುರ್ಗಿ, ಇಲ್ಲವಾದರೆ ಮತ್ತೆ ಮೈದುನನ ಒಲೆ. ಮೂರನೆಯ ದಾರಿ ಅವಳಿಗೆ ಇರಲಿಲ್ಲ. ವಯಸ್ಸಿನ ಮಿತಿಯೂ ಆ ವರ್ಷಕ್ಕೇ ಮುಗಿಯುತ್ತಿತ್ತು.

ಕಲಿಸುವ ಕೆಲಸ ನನ್ನದಾಯಿತು. ಶಾಲೆ ಬಿಟ್ಟ ಮೇಲೆ ಮನೆಯ ಮುಂದಿನ ಕಟ್ಟೆಯ ಮೇಲೆ ಕೂರುತ್ತಿದ್ದೆವು. ನನ್ನ ಉರ್ದು ಪುಸ್ತಕ ನೋಡಿ ನಾನು ಅರ್ಥ ಹೇಳುವುದು, ಅವಳು ಕನ್ನಡದಲ್ಲಿ ಬರೆದುಕೊಳ್ಳುವುದು. ಕನ್ನಡ ಅವಳಿಗೆ ನನಗಿಂತ ಚೆನ್ನಾಗಿ ಬರುತ್ತಿತ್ತು. ಚಿಕ್ಕಂದಿನಲ್ಲಿ ಅಪ್ಪ, ಹೆಣ್ಣುಮಗಳಿಗೆ ನೌಕರಿ ಯಾಕೆ ಎಂದು ಅವಳನ್ನು ಖಾಸಗಿ ಕನ್ನಡ ಶಾಲೆಗೆ ಹಾಕಿದ್ದ. ನೌಕರಿ ಹಿಡಿಯಬೇಕಾದ ನನ್ನನ್ನು ಉರ್ದು ಶಾಲೆಗೆ ಕಳಿಸಿದ್ದ. ಸರ್ಕಾರ ಹೀಗೆ ಮಗ್ಗಲು ಬದಲಿಸುತ್ತದೆಂದು ಅವನಿಗೇನು ಕನಸು ಬಿದ್ದಿತ್ತೇ?

ನಾನು ಪಾರಾ ಎಂದರೆ ಅವಳು ಪಾದರಸ ಎಂದು ಬರೆಯುತ್ತಿದ್ದಳು. ನಾನು ಹರಾರತ್ ಎಂದರೆ ಕಾವು, ಭಾಪ್ ಎಂದರೆ ಉಗಿ. ಅವಳು ನೀರಿಗೆ ಹೋದಾಗ ಆ ಶಬ್ದಗಳನ್ನೆಲ್ಲ ಕದ್ದು ನನ್ನ ವಹಿಯಲ್ಲಿ ಬರೆದುಕೊಳ್ಳುತ್ತಿದ್ದೆ. ಕೇಳಿದ್ದರೆ ಅವಳೇ ಹೇಳಿಕೊಡುತ್ತಿದ್ದಳು. ಮಾಸ್ತರನ ಠೀವಿ ಬಿಡಬೇಕಲ್ಲ.

ಕಾವಿಗೆ ವಸ್ತು ಹಿಗ್ಗುತ್ತದೆ ಎಂದು ನಾನು ಅರ್ಧ ಗಂಟೆ ವಿವರಿಸಿದೆ. ಬಂಡಿಯ ಗಾಲಿಗೆ ಕಬ್ಬಿಣದ ಪಟ್ಟಿ ಏರಿಸುವಾಗ ಕಂಬಾರ ಅದನ್ನು ಕೆಂಪಗೆ ಕಾಯಿಸುತ್ತಾನಲ್ಲ, ಅದೇ ತಾನೇ ಎಂದು ಅವಳು ಒಂದೇ ಮಾತಿನಲ್ಲಿ ಮುಗಿಸಿದಳು. ರೈಲು ಕಂಬಿಗಳ ನಡುವೆ ಸಂದು ಏಕೆ ಬಿಡುತ್ತಾರೆಂಬುದನ್ನು ನಾನು ಹೇಳುವ ಮೊದಲೇ ಹೇಳಿದಳು. ಅವಳ ತಲೆ ನನ್ನದಕ್ಕಿಂತ ಚುರುಕಾಗಿತ್ತು. ಈಗ ಹೇಳಲು ನನಗೆ ಸಂಕೋಚವಿಲ್ಲ, ಆಗ ಇತ್ತು.

ನರ್ಸಿನ ಕೆಲಸಕ್ಕೆ ಬೇಕಾದ ಇನ್ನೊಂದು ಪಾಠ ಪುಸ್ತಕದ ಕೊನೆಯಲ್ಲಿತ್ತು. ರೋಗಿಗೆ ಬಳಸುವ ಯಾವ ಸಾಮಾನನ್ನೂ ಕುದಿಯುವ ನೀರಿನಲ್ಲಿ ಹಾಕದೆ ಮುಟ್ಟಬಾರದು, ಕುದಿದರೆ ನಂಜು ಸಾಯುತ್ತದೆ. ಇದನ್ನು ಕಣ್ಣುಮುಚ್ಚಿ ಪಾಲಿಸಬೇಕು ಎಂದು ನಾನೇ ಅವಳಿಂದ ಹತ್ತು ಸಲ ಹೇಳಿಸಿದೆ. ಥರ್ಮಾಮೀಟರಿನ ಪಾಠ ಬೇರೆ ಪುಟದಲ್ಲಿತ್ತು. ಎರಡು ಪುಟಗಳನ್ನು ಒಟ್ಟಿಗೆ ಇಟ್ಟು ನೋಡುವ ಬುದ್ಧಿ ನನಗೆ ಬರಲಿಲ್ಲ. ಥರ್ಮಾಮೀಟರ್ ಎಷ್ಟು ಉದ್ದ ಇರುತ್ತದೆ ಎಂದು ಅವಳು ಕೇಳಿದಾಗ, ಕಪ್ಪುಹಲಗೆಯ ಚಿತ್ರವನ್ನು ನೆನೆದು, ಮೊಳದುದ್ದ ಎಂದು ಧೈರ್ಯವಾಗಿ ಹೇಳಿದೆ.

ಪರೀಕ್ಷೆಯ ದಿನ ಮುಂಜಾನೆಯ ಬಸ್ಸಿಗೆ ಯಾದಗಿರಿಗೆ ಹೋದೆವು. ಒಂಬತ್ತು ಮಂದಿ ಹೆಂಗಸರು ಬಂದಿದ್ದರು. ಬರೆಯುವ ಪರೀಕ್ಷೆ ಮುಗಿಸಿ ಅಕ್ಕ ನಗುತ್ತಲೇ ಹೊರಗೆ ಬಂದಳು. ಹತ್ತಕ್ಕೆ ಹತ್ತೂ ಬರೆದಿದ್ದಳು. ನನಗೆ ಎದೆ ಉಬ್ಬಿತು.

ಕೈಕೆಲಸದ ಪರೀಕ್ಷೆ ಪಡಸಾಲೆಯ ಪಕ್ಕದ ಕೋಣೆಯಲ್ಲಿತ್ತು. ನಾನು ಕಿಟಕಿಯ ಹೊರಗೆ ನಿಂತೆ. ಒಳಗೆ ಮೈಸೂರು ಕಡೆಯ ಡಾಕ್ಟರಮ್ಮ, ಪಕ್ಕದಲ್ಲಿ ಇನ್ನೊಬ್ಬರು ಕೂತಿದ್ದರು. ಬರೆದ ಹಾಳೆ ತಿದ್ದಲು ಅವರನ್ನು ಕರೆಸಿದ್ದರಂತೆ; ಬೆಳಿಗ್ಗೆಯೇ ಕಂಡಿದ್ದೆ, ಕೈಕೆಲಸಕ್ಕೂ ಕೂರುತ್ತಾರೆಂದು ಎಣಿಸಿರಲಿಲ್ಲ. ಯಾವ ಮಾಸ್ತರನನ್ನು ಇಟ್ಟುಕೊಳ್ಳಬೇಕು, ಯಾರನ್ನು ಬಿಡಬೇಕು ಎಂದು ನಮ್ಮ ಶಾಲೆಗೆ ಬಂದು ಬರೆದುಕೊಂಡು ಹೋಗುತ್ತಿದ್ದ ಸಾಹೇಬರು ಅವರು.

ಮೇಜಿನ ಮೇಲೆ ಹತ್ತಿ, ಸ್ಪಿರಿಟ್ ಬಾಟಲಿ, ಬೆರಳುದ್ದದ ಒಂದು ಗಾಜಿನ ಕಡ್ಡಿ. ಬದಿಯಲ್ಲಿ ಸ್ಟೋವಿನ ಮೇಲೆ ಒಂದು ಪಾತ್ರೆಯಲ್ಲಿ ಸೂಜಿಗಳು ಕುದಿಯುತ್ತಿದ್ದವು. ಥರ್ಮಾಮೀಟರನ್ನು ಶುದ್ಧ ಮಾಡಿ ರೋಗಿಗೆ ಇಡಲು ಸಿದ್ಧಪಡಿಸಿ ಎಂದರು ಡಾಕ್ಟರಮ್ಮ. ಅಕ್ಕ ಗಾಜಿನ ಕಡ್ಡಿಯನ್ನು ಎರಡು ಬೆರಳಲ್ಲಿ ಎತ್ತಿ, ಒಂದು ಗಳಿಗೆಯೂ ಅನುಮಾನಿಸದೆ, ಕುದಿಯುವ ನೀರಿಗೆ ಬಿಟ್ಟಳು. ಟಪ್ ಎಂದಿತು. ಪಾದರಸ ಹನಿಹನಿಯಾಗಿ ಪಾತ್ರೆಯ ತಳಕ್ಕೆ ಇಳಿಯಿತು.

ಡಾಕ್ಟರಮ್ಮ ಸಿಟ್ಟಾಗಲಿಲ್ಲ. ಇದನ್ನು ಸ್ಪಿರಿಟ್ ಹತ್ತಿಯಿಂದ ಒರೆಸಬೇಕಿತ್ತು, ಯಾಕೆ ಒಡೆಯಿತು ಗೊತ್ತೇ ಎಂದು ಕೇಳಿದರು.

"ಕಾವಿಗೆ ಪಾದರಸ ಹಿಗ್ಗತದರಿ. ಜ್ವರ ನೋಡೂ ಕೊಳವಿ ಸಣ್ಣದರಿ, ಅಷ್ಟು ಹಿಗ್ಗಾಕ ಒಳಗ ಜಾಗಾ ಇಲ್ಲರಿ. ಅದಕ್ಕ ಗಾಜು ಒಡೀತರಿ," ಎಂದಳು ಅಕ್ಕ. ಅವಳ ಮುಖ ಬೆಳ್ಳಗಾಗಿತ್ತು. ಉತ್ತರ ಮಾತ್ರ ಪೂರ್ತಿ ಸರಿಯಾಗಿತ್ತು.

ಇಷ್ಟು ಗೊತ್ತಿದ್ದೂ ಹಾಕಿದಿರಾ ಎಂದು ಅವರಿಗೆ ಸೋಜಿಗವಾಯಿತು. ಕುದಿಸದೆ ಏನನ್ನೂ ಮುಟ್ಟಬಾರದೆಂದು ಕಲಿತಿದ್ದೆ ಎಂದಳು ಅಕ್ಕ. ಡಾಕ್ಟರಮ್ಮ ಅವಳ ಬರವಣಿಗೆಯ ಹಾಳೆಯನ್ನು ಎತ್ತಿ ನೋಡಿದರು. ಮತ್ತೆ ಅವಳ ಮುಖ ನೋಡಿದರು.

"ಇದು ನಿಮ್ಮ ತಪ್ಪಲ್ಲ ಅನ್ಸುತ್ತೆ. ಯಾರು ಕಲಿಸಿದ್ದು, ಅವರನ್ನ ಕರ್ಕೊಂಡು ಬನ್ನಿ. ತಪ್ಪು ಅವರದು ಅಂತಾದ್ರೆ ನಾನೇ ತೋರಿಸಿಕೊಟ್ಟು ಇನ್ನೊಂದು ಸಲ ಮಾಡಿಸ್ತೀನಿ."

ಅಕ್ಕ ಒಮ್ಮೆ ಸಾಹೇಬರ ಕಡೆ ನೋಡಿದಳು. ಅವರು ಯಾರೆಂದು ನಾನೇ ಬೆಳಿಗ್ಗೆ ಪಡಸಾಲೆಯಲ್ಲಿ ಅವಳಿಗೆ ತೋರಿಸಿದ್ದೆ. ಆಮೇಲೆ ಕಿಟಕಿಯ ಕಡೆ ನೋಡಿದಳು.

"ಯಾರೂ ಕಲಿಸಿಲ್ಲರಿ. ನಾನಽ ಓದಿಕೊಂಡೀನ್ರಿ."

ಕಿಟಕಿಯಿಂದ ಬಾಗಿಲಿಗೆ ಹೆಚ್ಚೆಂದರೆ ನಾಲ್ಕು ಹೆಜ್ಜೆ. ನಾನು ಇಡಲಿಲ್ಲ. ಅಂಜಿದ್ದೆ. ಇದಕ್ಕೆ ಬೇರೆ ಹೆಸರು ಕೊಡಲು ಎಷ್ಟೋ ವರ್ಷ ಹೆಣಗಿದ್ದೇನೆ, ಸಿಕ್ಕಿಲ್ಲ. ಡಾಕ್ಟರಮ್ಮ ಅಕ್ಕನ ಹಾಳೆಗೆ ಅಡ್ಡಗೀಟು ಎಳೆದು, ಮುಂದಿನವರನ್ನು ಕರೆದರು.

ಹಿಂದಿರುಗುವ ಬಸ್ಸಿನಲ್ಲಿ ಅಕ್ಕ ಕಿಟಕಿಯಾಚೆಯ ಜೋಳದ ಹೊಲಗಳನ್ನು ನೋಡುತ್ತ ಕೂತಿದ್ದಳು. ಶಹಾಪುರ ಹತ್ತಿರ ಬಂದಾಗ, ನೀನು ಅದನ್ನು ಎಂದಾದರೂ ನೋಡಿದ್ದೆಯಾ ಎಂದು ಕೇಳಿದಳು. ಇಲ್ಲ ಎಂದೆ.

"ನೋಡಿಲ್ಲಂತ ನನಗರ ಹೇಳಬೇಕಿತ್ತು, ತಮ್ಮಾ," ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

ಮೂರನೆಯ ದಿನ ಅವಳು ಸುರಪುರಕ್ಕೆ ಹೋದಳು. ಎರಡು ತಿಂಗಳ ಮೇಲೆ ನನ್ನ ಕನ್ನಡದ ಪರೀಕ್ಷೆ ಬಂತು. ಕಾವಿನ ಬಗ್ಗೆ ಒಂದು ಪುಟ ಬರೆಯಲು ಹೇಳಿದ್ದರು. ಬರೆದ ಶಬ್ದಗಳೆಲ್ಲ ಅವಳವು. ಪಾಸಾದೆ, ಕಾಯಂ ಆದೆ. ನಿವೃತ್ತನಾಗುವ ತನಕ ಮಾಸ್ತರಿಕೆ ಮಾಡಿದೆ. ಕಾಯಂ ಆದ ಮೇಲಿನ ಮೊದಲ ಸಂಬಳದಲ್ಲೇ ಒಂದು ಥರ್ಮಾಮೀಟರ್ ಕೊಂಡು ಪ್ರತಿ ಮಗುವಿನ ಕೈಗೂ ಕೊಟ್ಟು ತೋರಿಸಿದೆ. ಅಕ್ಕ ಮೈದುನನ ಮನೆಯಲ್ಲೇ ರೊಟ್ಟಿ ಬಡಿಯುತ್ತ ಮುದುಕಿಯಾದಳು, ಅಲ್ಲೇ ತೀರಿಕೊಂಡಳು.

ನೌಕರಿಯ ಪರೀಕ್ಷೆಗೆ ನಾನು ತಯಾರು ಮಾಡಿದವರು ಈಗಲೂ ಪೇಢೆಯ ಡಬ್ಬಿ ಹಿಡಿದು ಮನೆಗೆ ಬರುತ್ತಾರೆ. ಸಂದರ್ಶನದಲ್ಲಿ ಯಾರು ಕಲಿಸಿದರೆಂದು ಕೇಳಿದಾಗ ನಿಮ್ಮ ಹೆಸರು ಹೇಳಿದೆವು ಸರ್ ಎನ್ನುತ್ತಾರೆ. ಅದರಿಂದ ಅವರಿಗೆ ಏನೂ ಆಗಿರಲಾರದು, ಹೇಳದಿದ್ದರೂ ನಡೆಯುತ್ತಿತ್ತು. ನನ್ನ ಹೆಸರು ಹೇಳಿದ್ದರೆ ಬದುಕೇ ಬೇರೆಯಾಗಬಹುದಾಗಿದ್ದವಳು ಒಬ್ಬಳೇ. ಅವಳು ಹೇಳಲಿಲ್ಲ. ನಾಲ್ಕು ಹೆಜ್ಜೆ ದೂರದಲ್ಲಿ ನಿಂತಿದ್ದ ನಾನೂ ಹೇಳಲಿಲ್ಲ.