ಎಕ್ಸ್‌ರೇ ಯಜಮಾನರ ತಪ್ಪಿನ ನೋಟ್‌ಬುಕ್ಕು

ಅವರ ಬಲಗೈಯ ಮೂರು ಉಗುರುಗಳು ಅಡಕೆಯ ಬಣ್ಣಕ್ಕೆ ತಿರುಗಿದ್ದವು. ಕತ್ತಲೆ ಕೋಣೆಯಲ್ಲಿ ವರ್ಷಗಟ್ಟಲೆ ಫಿಲಂಗಳನ್ನು ಔಷಧಿ ನೀರಿನಲ್ಲಿ ಅದ್ದಿ ಅದ್ದಿ ಹತ್ತಿದ ಕಲೆ ಅದು. ಎರಡು ಸಾವಿರದ ಇಸವಿ ದಾಟಿದ ಮೇಲೆ ಹಗರಿಬೊಮ್ಮನಹಳ್ಳಿಯ ನಮ್ಮ ಪುಟ್ಟ ಆಸ್ಪತ್ರೆಗೆ ಡಿಜಿಟಲ್ ಎಕ್ಸ್‌ರೇ ಬಂತು, ಕತ್ತಲೆ ಕೋಣೆಗೆ ಬೀಗ ಬಿತ್ತು, ಕಲೆ ಮಾತ್ರ ಹೋಗಲಿಲ್ಲ. ಊರವರು ಅವರನ್ನು ಎಕ್ಸ್‌ರೇ ಯಜಮಾನರು ಎನ್ನುತ್ತಿದ್ದರು. ನಾನು ಆಗಷ್ಟೇ ಓದು ಮುಗಿಸಿ ಬಂದ ಡಾಕ್ಟರು, ಮೂಗಿನ ತುದಿಯಲ್ಲೇ ಸಿಟ್ಟು. ಅವರು ನನ್ನ ಅಪ್ಪನ ವಯಸ್ಸಿನವರು, ಸಿಟ್ಟೆಂದರೇನೆಂದು ಗೊತ್ತಿಲ್ಲದವರು. ಅದಕ್ಕೂ ನನಗೆ ಸಿಟ್ಟು ಬರುತ್ತಿತ್ತು.

ಹೊಸ ಯಂತ್ರ ಕೂಡಿಸಲು ಬಂದವನು, ಇನ್ನು ಏನೇ ಹೆಚ್ಚುಕಡಿಮೆಯಾದರೂ ಕಂಪ್ಯೂಟರಿನಲ್ಲೇ ಸರಿಮಾಡಬಹುದು ಎಂದು ಹೇಳಿ ಹೋಗಿದ್ದ. ಯಜಮಾನರು ತಲೆಯಾಡಿಸಿದರು, ನಂಬಲಿಲ್ಲ. ದಿನಾ ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಬಂದು, ಚಿತ್ರ ಹಿಡಿಯುವ ಪ್ಲೇಟುಗಳನ್ನು ಒಂದೊಂದಾಗಿ ಯಂತ್ರಕ್ಕೆ ಹಾಕಿ ಹಳೆಯದನ್ನೆಲ್ಲ ಅಳಿಸುವರು. ಇಲ್ಲದಿದ್ದರೆ ನಿನ್ನೆ ಬಂದವನ ಪಕ್ಕೆಲುಬು ಇವತ್ತು ಬಂದವಳ ಎದೆಯಲ್ಲಿ ಮಸುಕಾಗಿ ಕೂತಿರುತ್ತದೆ ಎನ್ನುವರು. ಪ್ಲೇಟಿನ ಮೇಲೆ ಒಂದು ಧೂಳಿನ ಕಣ ಕೂತರೂ ಚಿತ್ರದಲ್ಲಿ ಬಿಳಿ ಚುಕ್ಕೆ. ನಮ್ಮ ಸೀಮೆಯಲ್ಲಿ ಧೂಳಿಗೇನು ಬರ. ಅದಕ್ಕಾಗಿ ಒಂದು ಮೆತ್ತನೆಯ ಬಟ್ಟೆಯನ್ನು ಕೊಟ್ಟೂರಿನ ಮನೆಯಲ್ಲಿ ಹೆಂಡತಿಯಿಂದಲೇ ಒಗೆಸಿ, ಮಡಚಿ, ಕವರಿನಲ್ಲಿಟ್ಟು ತರುತ್ತಿದ್ದರು.

ಎದೆಯ ಚಿತ್ರಕ್ಕೆ ಬರುವ ಹಿರಿಯರ ಕೊರಳಲ್ಲಿ ಬೆಳ್ಳಿಯ ಕರಡಿಗೆ, ಅದರೊಳಗೆ ಲಿಂಗ. ಮೈಯಿಂದ ಅಗಲಿಸುವಂತಿಲ್ಲ, ಹಾಗೇ ಬಿಟ್ಟರೆ ಎದೆಯ ನಡುವೆ ಬಿಳಿಯ ಉಂಡೆ. ಬೇರೆ ಕಡೆ ಇದಕ್ಕೆ ಜಗಳವೇ ಆಗುತ್ತಿತ್ತು. ನಮ್ಮ ಯಜಮಾನರು ಮಾತ್ರ, ಪೂಜೆಗೆ ಹಿಡಿಯುವಂತೆ ಎಡ ಅಂಗೈಯಲ್ಲಿ ಹಿಡಿದು ಕೈಯನ್ನು ಪಕ್ಕಕ್ಕೆ ಸರಿಸಿ ನಿಲ್ಲಿರಿ ಎನ್ನುವರು. ಲಿಂಗ ಕೈಯಲ್ಲಿದ್ದ ಮೇಲೆ ಮುದುಕರು ಅಲುಗಾಡುತ್ತಲೇ ಇರಲಿಲ್ಲ. ಚಿತ್ರ ಕನ್ನಡಿಯಂತೆ ಬರುತ್ತಿತ್ತು.

ಒಬ್ಬರಿಗೆ ಎರಡನೆಯ ಸಲ ಎಕ್ಸ್‌ರೇ ಹೊಡೆಯುವುದೆಂದರೆ ಯಜಮಾನರಿಗೆ ಮುಖಭಂಗ. ಹಾಗಾದಾಗ ಒಂದು ಉದ್ದನೆಯ ನೋಟ್‌ಬುಕ್ಕಿನಲ್ಲಿ ತಾರೀಖು ಹಾಕಿ ಕಾರಣ ಬರೆಯುವರು. ‘ಧೂಳು.’ ‘ಉಸಿರು ಬಿಟ್ಟ.’ ‘ತಾಯತ.’ ನಿಮ್ಮ ಪಾಪದ ಪಟ್ಟಿ ಎಷ್ಟು ಉದ್ದವಾಯಿತು ಎಂದು ನಾನು ಕಾಡುತ್ತಿದ್ದೆ. ಅವರು ನಕ್ಕು ಪುಟ ತಿರುವುತ್ತಿದ್ದರು.

ಒಂದು ಸಂತೆಯ ದಿನ, ಕಾಲಿಡಲು ಜಾಗವಿಲ್ಲದಷ್ಟು ಜನ. ಇಟ್ಟಿಗಿ ಊರಿನ ಕಡೆಯ ಕುರಿ ಕಾಯುವ ಮನೆಯ ಬಾಣಂತಿಯೊಬ್ಬಳು ಕೆಮ್ಮೆಂದು ಬಂದಳು. ಕಂಕುಳಲ್ಲಿ ಮೂರು ತಿಂಗಳ ಕೂಸು, ಜೊತೆಗೆ ಅತ್ತೆ. ಎಕ್ಸ್‌ರೇಯಲ್ಲಿ ಬಲ ಶ್ವಾಸಕೋಶದ ಮೇಲಿನ ತುದಿಯಲ್ಲಿ ಬಿಳಿಯ ಮಬ್ಬು. ನಾನು ಕಫ ಪರೀಕ್ಷೆಗೂ ಕಾಯದೆ, ಕ್ಷಯ ಎಂದು ಅತ್ತೆಗೆ ಹೇಳಿಬಿಟ್ಟೆ. ಆ ಮುದುಕಿ ಸೊಸೆಯ ಕೈಯಿಂದ ಕೂಸನ್ನು ಕಿತ್ತುಕೊಂಡು ವರಾಂಡದ ಆ ತುದಿಗೆ ಹೋಗಿ ಕೂತಳು. ಕೂಸು ಹಸಿದು ಚೀರುತ್ತಿತ್ತು. ಸೊಸೆಯ ಕುಪ್ಪಸ ಹಾಲಿನಿಂದ ನೆನೆಯುತ್ತಿತ್ತು. ಬಾಗಿಲಾಚೆ ಕೂತ ಆಕೆ ನನ್ನನ್ನೇ ನೋಡುತ್ತಿದ್ದಳು, ನಾನು ಮುಂದಿನ ಚೀಟಿ ಬರೆಯುತ್ತಿದ್ದೆ.

ಯಜಮಾನರು ಹೊಸ ಯಂತ್ರದಲ್ಲಿ ಅಚ್ಚು ಹಾಕಿದ ಆಕೆಯ ಫಿಲಂ ಹಿಡಿದು ಒಳಗೆ ಬಂದರು.

“ಮೇಡಂ, ಈ ನೆರಳು ಎದಿ ದಾಟಿ ಕುತ್ತಿಗಿಗೆ ಹೋಗೈತಿ ನೋಡ್ರಿ. ಪುಪ್ಪುಸದಾಗಿನ ರೋಗ ಹೊರಗ ಹ್ಯಾಂಗ ಬರ್ತೈತ್ರಿ?”

ನನಗೆ ರೇಗಿತು. ಹಾಗಿದ್ದರೆ ಕಂಪ್ಯೂಟರಿನಲ್ಲಿ ಸರಿಮಾಡಿ ತನ್ನಿ, ನನಗೆ ಪುರುಸೊತ್ತಿಲ್ಲ ಎಂದೆ.

“ಕಪ್ಪು ಬಿಳುಪು ತಿದ್ದಬಹುದ್ರಿ. ಆಕಿ ಹ್ಯಾಂಗ ನಿಂತಿದ್ಲೋ ಅದನ್ನ ತಿದ್ದಾಕ ಬರಂಗಿಲ್ಲ” ಎಂದು ಹೊರಗೆ ಹೋದರು.

ಬಾಣಂತಿಯ ಎದುರು ಕೂತು, ಹೆಗಲ ಮೇಲೆ ಏನಾದರೂ ಇದೆಯೇ ಎಂದು ಮೆಲ್ಲಗೆ ಕೇಳಿದ್ದಾರೆ. ಆಕೆ ಸೆರಗು ಸರಿಸಿ ತೋರಿಸಿದ್ದಾಳೆ: ಉಚ್ಚಂಗೆಮ್ಮ ದೇವಿಯ ಹೆಸರಲ್ಲಿ ಬಿಟ್ಟ, ಹಗ್ಗದಂತೆ ಗಂಟುಗಟ್ಟಿದ ಜಡೆ. ಪರರು ಮುಟ್ಟಬಾರದೆಂದು ಬಲಹೆಗಲ ಮೇಲಿಂದ ಇಳಿಸಿ ಕುಪ್ಪಸದೊಳಗೆ ಸಿಕ್ಕಿಸಿಕೊಂಡಿದ್ದಳು. ಯಜಮಾನರು ಮುಟ್ಟಲಿಲ್ಲ. ಆಕೆಯ ಕೈಯಿಂದಲೇ ಅದನ್ನು ನೆತ್ತಿಯ ಮೇಲೆ ಸುತ್ತಿಸಿ, ಸೆರಗಿನಿಂದ ಬಿಗಿಸಿ, ಇನ್ನೊಂದು ಚಿತ್ರ ತೆಗೆದರು. ಮಬ್ಬು ಇರಲಿಲ್ಲ. ಆಮೇಲೆ ಬಂದ ಕಫದ ವರದಿಯಲ್ಲೂ ಏನಿರಲಿಲ್ಲ.

ಎರಡೂ ಫಿಲಂ ಹಿಡಿದು ಅವರು ವರಾಂಡದ ತುದಿಗೆ ಹೋದರು. ನಾನು ಹಿಂದೆಯೇ ಹೋದೆ. ಮುದುಕಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಹೇಳಿದರು:

“ತಪ್ಪು ನಂದೈತವ್ವಾ. ಜಡಿ ಐತೇನಂತ ನಾ ಕೇಳ್ಬೇಕಿತ್ತು, ಗದ್ದಲದಾಗ ಕೇಳಲಿಲ್ಲ. ನಿನ್ನ ಸೊಸಿ ಎದಿಯಾಗ ಏನೂ ಇಲ್ಲ. ಕೂಸಿನ್ನ ಕೊಡು.”

ಮುದುಕಿ ಅವರನ್ನು ಬಾಯಿಗೆ ಬಂದಂತೆ ಬೈದಳು. ತಲೆ ತಗ್ಗಿಸಿ ಬೈಸಿಕೊಂಡರು. ಕ್ಷಯ ಎಂದವಳು ನಾನು. ಕುತ್ತಿಗೆಯವರೆಗೆ ಹಬ್ಬಿದ್ದ ನೆರಳನ್ನು ನೋಡಿಯೂ ನೋಡದವಳು ನಾನು. ಬಾಯಿ ಬಿಡಬೇಕಿತ್ತು, ಬಿಡಲಿಲ್ಲ. ಕೂಸು ತಾಯಿಯ ಮಡಿಲಿಗೆ ಹೋಗಿ ಸುಮ್ಮನಾಯಿತು. ನಾನೂ ಸುಮ್ಮನೆ ಒಳಗೆ ಹೋದೆ.

ಅವರು ಆ ವಿಷಯ ಮತ್ತೆ ಎತ್ತಲೇ ಇಲ್ಲ. ನಾನೂ ಎತ್ತಲಿಲ್ಲ. ಇವತ್ತು ಹೇಳೋಣ, ನಾಳೆ ಹೇಳೋಣ ಎನ್ನುತ್ತ ಅವರ ನಿವೃತ್ತಿಯೂ ಆಯಿತು. ಅಂದಿನಿಂದ ಯಾರ ಎಕ್ಸ್‌ರೇ ಕೈಗೆ ಬಂದರೂ ಮೊದಲು ಶ್ವಾಸಕೋಶದ ಹೊರಗೆ ನೋಡುತ್ತೇನೆ, ಆಮೇಲೆ ಒಳಗೆ. ಓದಿದ ಕಾಲೇಜು ಕಲಿಸದ ಪಾಠ ಅದು.

ಅವರು ತೀರಿಕೊಂಡ ಸುದ್ದಿ ಬಂದಾಗ ಕೊಟ್ಟೂರಿಗೆ ಹೋದೆ. ಹೊರಡುವಾಗ ಅವರ ಹೆಂಡತಿ ಆ ನೋಟ್‌ಬುಕ್ಕು ತಂದು, ನಿಮಗೇ ಕೊಡಬೇಕೆಂದು ಹೇಳಿದ್ದರು ಎಂದರು. ಬಸ್ಸಿನಲ್ಲಿ ಕೂತು ಪುಟ ತಿರುವಿದೆ. ಆ ಸಂತೆಯ ದಿನದ ಸಾಲು ಸಿಕ್ಕಿತು: ‘ಜಡೆ. ಕೇಳಲಿಲ್ಲ. ತಪ್ಪು ನನ್ನದು.’ ನನ್ನ ಹೆಸರು ಎಲ್ಲೂ ಇರಲಿಲ್ಲ. ಅದರ ಕೆಳಗೆ ಒಂದು ಸಾಲು ಖಾಲಿ ಬಿಟ್ಟಿದ್ದರು. ಇಡೀ ಪುಸ್ತಕದಲ್ಲಿ ಬೇರೆಲ್ಲೂ ಹಾಗೆ ಬಿಟ್ಟಿರಲಿಲ್ಲ.

ಚೀಲದಿಂದ ಪೆನ್ನು ತೆಗೆದು ಅಲ್ಲಿ ಬರೆದೆ: ‘ನಾನೂ ನೋಡಲಿಲ್ಲ.’