ಹೊಗೆ ಉಂಟು, ವಾಸನೆ ಇಲ್ಲ

ಕೊಲ್ಲಿ ದೇಶದ ಬನಿಯಾಸ್‌ನಲ್ಲಿ ನಮ್ಮ ಪಕ್ಕದ ಫ್ಲ್ಯಾಟಿನ ಕೊಡಗಿನವರೊಬ್ಬರು ಶೂಟಿಂಗ್ ಕ್ಲಬ್ಬಿನ ಕೋವಿಗಳನ್ನು ನೋಡಿಕೊಳ್ಳುತ್ತಿದ್ದರು. ನಳಿಗೆಯ ಬಾಯಿಂದ ಮದ್ದು ತುಂಬುವ ಹಳೆಯ ಕೋವಿಗೂ ಅಲ್ಲಿ ಗಂಧಕ ನಾರುವ ಕರಿಮದ್ದಿಲ್ಲ, ಅದರ ಬದಲಿಗೆ ಡಬ್ಬಿಯಲ್ಲಿ ಬರುವ ಪುಡಿ. ಪ್ರತಿ ಈಡಿಗೂ ಗಾಳಿ ಮೂಸಿ, "ಹೊಗೆ ಉಂಟು, ವಾಸನೆ ಇಲ್ಲ ಮಾರಾಯ್ರೇ" ಎಂದು ಮುಖ ಸಿಂಡರಿಸುತ್ತಿದ್ದರು.

ಅವರ ಕಡೆ ಗಂಡು ಹುಟ್ಟಿದರೆ ಈಡು ಹೊಡೆಯುವ ಪದ್ಧತಿ. ತಮಗೆ ಮಗು ಹುಟ್ಟಿದ ದಿನ ನನ್ನನ್ನೂ ಕ್ಲಬ್ಬಿಗೆ ಎಳೆದೊಯ್ದರು. ಮ್ಯಾನೇಜರನ್ನು ಒಪ್ಪಿಸಿ, ಊರಿನಲ್ಲಿದ್ದ ತಾಯಿಗೆ ಫೋನ್ ಹಚ್ಚಿ, ಗುಂಡಿಲ್ಲದೆ ಬರೀ ಪುಡಿ ತುಂಬಿ ಢಂ ಎನ್ನಿಸಿದರು.

"ಗಂಡಾ?" ಎಂದರು ತಾಯಿ.

"ಹೆಣ್ಣು, ಅವ್ವಾ."

ಆ ಕಡೆ ಫೋನು ಕೆಳಗಿಟ್ಟ ಸದ್ದಾಯಿತು. ಕರೆ ಕಡಿಯಿತೆಂದುಕೊಂಡೆವು. ಆಮೇಲೆ ಫೋನಿನೊಳಗಿಂದ ದೊಡ್ಡದೊಂದು ಈಡು ಕೇಳಿಸಿತು. ತಾಯಿ ಮನೆಯ ಕೋವಿಗೆ ಕರಿಮದ್ದು ತುಂಬಿ ಹೊಡೆದಿದ್ದರು.

ನಮ್ಮ ನೆರೆಯವರು ಫೋನನ್ನು ಮೂಗಿಗೆ ಹಿಡಿದು, ಕಣ್ಣು ಮುಚ್ಚಿ ಮೂಸಿದರು.